ಬಾಯಿ ತೆರೆದರೆ ಜರ್ಮನ್ ವಾಸನೆ, ಆದರೂ ಬ್ರಿಟಿಷ್ ಕಮಾಂಡೊ?

ಪ್ರಶ್ನೆ (ಹಳೇಪುಟ):
ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ‘ಎಕ್ಸ್ ಟ್ರೂಪ್’ ಎಂಬ ಗುಟ್ಟಿನ ತುಕಡಿಯಲ್ಲಿ ಜರ್ಮನಿ, ಆಸ್ಟ್ರಿಯಾದಿಂದ ತಪ್ಪಿಸಿಕೊಂಡು ಬಂದ ಯಹೂದಿ ಹುಡುಗರೇ ಜಾಸ್ತಿ ಇದ್ದರಂತೆ. 1940ರಲ್ಲಿ ಇಂಥವರನ್ನೇ ಶತ್ರು ದೇಶದವರು ಅಂತ ಮುಳ್ಳುತಂತಿಯೊಳಗೆ ಕೂಡಿಹಾಕಿದ್ದರು ಅಲ್ವಾ? ಎರಡೇ ವರ್ಷದಲ್ಲಿ ನಂಬಿಕೆ ಬಂದಿದ್ದು ಹೇಗೆ?

ಬೆಂಚು ನಂ. 3:
ನಂಬಿಕೆಗಿಂತ ಗರಜು ಅನ್ನಿ. ಸೆರೆಸಿಕ್ಕ ಜರ್ಮನ್ ಸಿಪಾಯಿಯನ್ನು ಅಲ್ಲೇ, ಅವನ ಭಾಷೆಯಲ್ಲೇ ವಿಚಾರಿಸುವವರು ಬೇಕಿತ್ತು.

ನಿವೃತ್ತ ಮೇಷ್ಟ್ರು:
ಗರಜು ನಿಜ. ಆದರೆ ನೇರವಾಗಿ ಬಂದೂಕು ಕೊಡಲಿಲ್ಲ. ಹೆಚ್ಚಿನವರು ಮೊದಲು ಪಯೋನಿಯರ್ ಕೋರ್‌ನಲ್ಲಿ, ಅಂದರೆ ಸೇನೆಯ ಕೂಲಿ ಕೆಲಸದ ದಳದಲ್ಲಿ, ಗುದ್ದಲಿ ಹಿಡಿದವರು. 1942ರಲ್ಲಿ ಅವರಿಂದ ಆರಿಸಿಕೊಂಡರು.

2012ರಲ್ಲಿ ಮಗಳ ಮನೆಗೆ ಹೋಗಿದ್ದಾಗ ವೇಲ್ಸ್‌ನ ಅಬರ್ಡವಿ ನೋಡಿದೆ. ಸಮುದ್ರದ ದಂಡೆಯ ಪುಟ್ಟ ಊರು. ಇವರ ತರಬೇತಿ ನಡೆದಿದ್ದು ಅಲ್ಲೇ. ಪಾರ್ಕಿನಲ್ಲಿ ಇವರ ನೆನಪಿನ ಕಲ್ಲಿದೆ. ಇಪ್ಪತ್ತು ಜನ ಯುದ್ಧದಲ್ಲಿ ಸತ್ತರು ಅಂತ ಬರೆದಿದೆ. ‘ಯಹೂದಿ’ ಅನ್ನೋ ಪದ ಮಾತ್ರ ಕಾಣಲಿಲ್ಲ. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದೆ.

ಬದುಕಿದ್ದಾಗಲೂ ಹಾಗೇ ಮುಚ್ಚಿಟ್ಟಿದ್ದರು. ಕ್ಲಾಸ್ ಆಶರ್ ಹೋಗಿ ಕಾಲಿನ್ ಆನ್ಸನ್ ಆದರು. ಮ್ಯಾನ್‌ಫ್ರೆಡ್ ಗಾನ್ಸ್ ಫ್ರೆಡ್ ಗ್ರೇ ಆದರು. ಸಿಪಾಯಿಯ ಗುರುತಿನ ಕೊರಳ ಬಿಲ್ಲೆಯಲ್ಲಿ ಧರ್ಮ ‘ಚರ್ಚ್ ಆಫ್ ಇಂಗ್ಲೆಂಡ್’, ಅಂದರೆ ಕ್ರೈಸ್ತ. ಸತ್ತಾಗ ಕೆಲವರ ಗೋರಿ ಮೇಲೆ ಶಿಲುಬೆಯೇ ನಿಂತಿತು.

ಹಳೇಪುಟ:
ಮೇಷ್ಟ್ರೇ, ಉಚ್ಚಾರಣೆ? ಅದನ್ನು ಬಿಲ್ಲೆ ಮುಚ್ಚುತ್ತಾ?

ನಿವೃತ್ತ ಮೇಷ್ಟ್ರು:
ಮುಚ್ಚಲ್ಲ, ಅದಕ್ಕೂ ಕಥೆ ಕಟ್ಟಬೇಕಿತ್ತು. ಹಂಗೇರಿಯ ಲಾನ್ಯಿ, ಹೊಸ ಹೆಸರು ಜಾರ್ಜ್ ಲೇನ್, 1944ರ ಮೇನಲ್ಲಿ ಫ್ರಾನ್ಸಿನ ಕರಾವಳಿಯಲ್ಲಿ ಸಿಕ್ಕಿಬಿದ್ದರು. ಕಮಾಂಡೊಗಳನ್ನು ಕೊಲ್ಲಿ ಅಂತ ಹಿಟ್ಲರನ ಆದೇಶವಿತ್ತು. ಕರೆದುಕೊಂಡು ಹೋಗಿದ್ದು ಸಾಕ್ಷಾತ್ ಜರ್ಮನ್ ಸೇನಾಧಿಪತಿ ರೊಮೆಲ್ ಎದುರಿಗೆ! ಲೇನ್ ವೇಲ್ಸ್‌ನವನ ಹಾಗೆ ಮಾತಾಡಿ ಪಾರಾದರು. ರೊಮೆಲ್ ಟೀ ಬೇರೆ ಕುಡಿಸಿದ.

ಕಾಫಿಪುಡಿ:
ಇವರ ಮನೆಯವರು?

ನಿವೃತ್ತ ಮೇಷ್ಟ್ರು:
ಎಷ್ಟೋ ಜನರ ಮನೆಯವರು ಉಳಿಯಲೇ ಇಲ್ಲ ತಂಗೀ. ಗಾನ್ಸ್ 1945ರ ಮೇನಲ್ಲಿ ಜೀಪು ಹತ್ತಿ ಜರ್ಮನಿ ದಾಟಿ, ನಾಜಿಗಳು ಯಹೂದಿಗಳನ್ನು ಕೂಡಿಹಾಕಿದ್ದ ತೆರೆಜಿನ್ ಶಿಬಿರಕ್ಕೆ ಹೋದರು. ಅಪ್ಪ ಅಮ್ಮ ಇಬ್ಬರೂ ಜೀವಂತ ಸಿಕ್ಕರು.

ಕಾಫಿಪುಡಿ:
ಅಬ್ಬಾ. ಯುದ್ಧ ಮುಗಿದ ಮೇಲೆ ಹಳೇ ಹೆಸರು ವಾಪಸ್ ಇಟ್ಟುಕೊಂಡರಾ?

ನಿವೃತ್ತ ಮೇಷ್ಟ್ರು:
ಗಾನ್ಸ್ ಮತ್ತೆ ಗಾನ್ಸ್ ಆದರು. ಆನ್ಸನ್, ಲೇನ್ ಕೊನೆವರೆಗೂ ಆನ್ಸನ್, ಲೇನ್ ಆಗಿಯೇ ಉಳಿದರು.