ಅವರೆ ಹೂ ಬಿಡುತ್ತಿಲ್ಲ, ಟೊಮ್ಯಾಟೊ ತಳ ಕಪ್ಪಾಗುತ್ತಿದೆ: ಕೌಂಟಿ ಎಕ್ಸ್‌ಟೆನ್ಷನ್ ಆಫೀಸಿಗೆ ನಮ್ಮಂಥವರೂ ಹೋಗಬಹುದಾ?

ಹಿತ್ತಲಮನೆ:

ಎಲ್ಲರಿಗೂ ನಮಸ್ಕಾರ. ನಾವಿರುವುದು ನಾರ್ತ್ ಕ್ಯಾರೊಲೈನಾದ ಕ್ಯಾರಿಯಲ್ಲಿ. ಹೋದ ವರ್ಷ ಮನೆ ತಗೊಂಡೆವು. ಹಿಂದೆ ಸ್ವಲ್ಪ ಜಾಗ ಇದೆ, ಪೂರ್ತಿ ಕೆಂಪು ಜೇಡಿಮಣ್ಣು. ಅಮ್ಮ ಶಿರಾದಿಂದ ಬಂದಿದ್ದಾರೆ. ಮಣ್ಣಿನ ಬಣ್ಣ ನೋಡಿ "ನಮ್ಮ ಹೊಲ ಇದ್ದಂಗೇ ಐತೆ" ಅಂತ ಖುಷಿಪಟ್ಟು ಟೊಮ್ಯಾಟೊ, ಬದನೆ, ಅವರೆ ಎಲ್ಲ ಹಾಕಿದರು.

ಈಗ ಸೆಪ್ಟೆಂಬರ್. ಅವರೆ ಬಳ್ಳಿ ಬೇಲಿ ದಾಟಿ ಪಕ್ಕದವರ ಮನೆ ಕಡೆ ಹೊರಟಿದೆ, ಒಂದು ಹೂವಿಲ್ಲ. ಟೊಮ್ಯಾಟೊ ಕಾಯಿ ಚೆನ್ನಾಗೇ ಬಿಡುತ್ತದೆ, ಆದರೆ ಹಣ್ಣಾಗುವ ಮೊದಲೇ ತಳ ಚರ್ಮದ ಹಾಗೆ ಕಪ್ಪಾಗುತ್ತದೆ. ಇಂಟರ್‌ನೆಟ್‌ನಲ್ಲಿ ನೋಡಿ ಎಪ್ಸಮ್ ಸಾಲ್ಟ್ ಹಾಕಿದೆ, ಏನೂ ಪ್ರಯೋಜನ ಆಗಲಿಲ್ಲ. ಅಮ್ಮನಿಗೆ ದಿನಾ ಅದೇ ಚಿಂತೆ.

ಆಫೀಸಿನಲ್ಲಿ ಒಬ್ಬರು "ಕೌಂಟಿ ಎಕ್ಸ್‌ಟೆನ್ಷನ್‌ಗೆ ಹೋಗಿ ಕೇಳು, ಕೃಷಿ, ತೋಟದ ಸಲಹೆ ಕೊಡುವ ಜಿಲ್ಲಾ ಮಟ್ಟದ ಆಫೀಸು, ಯೂನಿವರ್ಸಿಟಿಯವರು ನಡೆಸುತ್ತಾರೆ" ಅಂದರು. ಅದು ರೈತರಿಗೆ ಮಾತ್ರವಾ? ನಾವು ಎಚ್1ಬಿಯಲ್ಲಿ ಇದ್ದೇವೆ, ಸಿಟಿಜನ್ ಅಲ್ಲ. ದುಡ್ಡು ಎಷ್ಟಾಗುತ್ತದೆ? ಹೋದವರು ಯಾರಾದರೂ ಇದ್ದರೆ ಹೇಳಿ.

ಕೆಂಪುಮಣ್ಣು:

ಹೋಗಿ. ನಾಳೆಯೇ ಹೋಗಿ. ಅಮ್ಮನನ್ನೂ ಕರೆದುಕೊಂಡು ಹೋಗಿ.

ರೈತರಾಗಿರಬೇಕಿಲ್ಲ, ಸಿಟಿಜನ್ ಆಗಿರಬೇಕಿಲ್ಲ. ವೀಸಾ ಯಾವುದು ಅಂತ ಯಾರೂ ಕೇಳುವುದಿಲ್ಲ. ಕೌಂಟಿಯಲ್ಲಿ ವಾಸ ಇದ್ದೀರಿ, ಅಷ್ಟು ಸಾಕು. ಪ್ರಶ್ನೆ ಕೇಳುವುದಕ್ಕೆ ದುಡ್ಡಿಲ್ಲ. ಕೆಲವು ತರಗತಿಗಳಿಗೆ ಮಾತ್ರ ಫೀಸ್ ಇರುತ್ತದೆ. ನೀವು ಮನೆಗೆ ಕಟ್ಟುವ ತೆರಿಗೆಯಲ್ಲೂ ಆ ಆಫೀಸಿಗೆ ಒಂದು ಪಾಲು ಹೋಗುತ್ತಿದೆ. ಹಾಗಾಗಿ ಸಂಕೋಚ ಬೇಡ.

ನಾನು ಇಲ್ಲಿ ಮಾಸ್ಟರ್ ಗಾರ್ಡನರ್, ಅಂದರೆ ಆ ಆಫೀಸಿನವರೇ ತರಬೇತಿ ಕೊಟ್ಟ ಸ್ವಯಂಸೇವಕಿ, ಎಂಟು ವರ್ಷ ಆಯಿತು. ಸೇರಿದ್ದು ಎಚ್4ನಲ್ಲಿದ್ದಾಗ. ನಾನು ಮೊದಲ ಸಲ ಆ ಬಾಗಿಲು ತಟ್ಟಿದ್ದೂ ನಿಮ್ಮದೇ ತೊಂದರೆ ಹಿಡಿದುಕೊಂಡು. ತಳ ಕಪ್ಪಾದ ಮೂರು ಟೊಮ್ಯಾಟೊ, ಒಂದು ಜಿಪ್ಲಾಕ್ ಚೀಲ. ಮೇಜಿನ ಹಿಂದೆ ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಕೂತಿದ್ದರು. ಕಾಯಿಯನ್ನು ಚಾಕುವಿನಲ್ಲಿ ಅಡ್ಡ ಸೀಳಿ ನನ್ನ ಮುಂದೆ ಇಟ್ಟರು. ಕಪ್ಪು ಭಾಗ ಕೊಳೆತಿರಲಿಲ್ಲ, ಒಣಗಿ ಗಟ್ಟಿಯಾಗಿತ್ತು. ಆಮೇಲೆ ಒಂದೊಂದೇ ಪ್ರಶ್ನೆ. ಎಷ್ಟು ದಿನಕ್ಕೊಮ್ಮೆ ನೀರು ಹಾಕುತ್ತೀಯ? ಪೈಪಿನಲ್ಲೋ, ಹನಿಯೋ? ಗಿಡದ ಬುಡಕ್ಕೆ ಏನಾದರೂ ಮುಚ್ಚಿದ್ದೀಯಾ? ಮಣ್ಣು ಯಾವತ್ತಾದರೂ ಪರೀಕ್ಷೆ ಮಾಡಿಸಿದ್ದೀಯಾ? ಎಲ್ಲದಕ್ಕೂ ಉತ್ತರ ಸಿಗುವ ತನಕ ಅವರು ಪರಿಹಾರ ಹೇಳಲಿಲ್ಲ. ನನಗೆ ಇಷ್ಟವಾದದ್ದು ಅದೇ. ಇಂಟರ್‌ನೆಟ್ ನಮ್ಮನ್ನು ಏನೂ ಕೇಳುವುದಿಲ್ಲ, ನೇರವಾಗಿ ಎಪ್ಸಮ್ ಸಾಲ್ಟ್ ಹಾಕು ಅನ್ನುತ್ತದೆ.

ಅವರು ಹೇಳಿದ್ದು ಇಷ್ಟು. ಕಾಯಿಯ ತುದಿಗೆ ಕ್ಯಾಲ್ಸಿಯಂ ತಲುಪುತ್ತಿಲ್ಲ. ಕ್ಯಾಲ್ಸಿಯಂ ಹೋಗುವುದು ನೀರಿನ ಜೊತೆ. ವಾರವೆಲ್ಲ ಒಣಗಿಸಿ ಶನಿವಾರ ಕೊಳಾಯಿ ಬಿಟ್ಟರೆ ಗಿಡಕ್ಕೆ ಅದು ಸರಿಯಾಗಿ ಸಿಗುವುದಿಲ್ಲ. ಎಪ್ಸಮ್ ಸಾಲ್ಟ್‌ನಲ್ಲಿ ಇರುವುದು ಮೆಗ್ನೀಷಿಯಂ, ಅದು ಜಾಸ್ತಿಯಾದರೆ ಕ್ಯಾಲ್ಸಿಯಂ ಹಿಡಿಯುವುದು ಇನ್ನೂ ಕಷ್ಟ. ಬುಡಕ್ಕೆ ಎಲೆಯೋ ಪೈನ್ ತೊಗಟೆಯೋ ಮುಚ್ಚಿ, ನೀರು ಸಮವಾಗಿ ಕೊಡಿ, ಮಣ್ಣು ಪರೀಕ್ಷೆ ಮಾಡಿಸಿ. ಮುಂದಿನ ಬೇಸಿಗೆಯಲ್ಲಿ ನನ್ನ ಗಿಡದಲ್ಲಿ ಕಪ್ಪು ತಳ ಅಲ್ಲೊಂದು ಇಲ್ಲೊಂದು, ಅಷ್ಟೇ.

ಮಣ್ಣು ಪರೀಕ್ಷೆಗೆ ಎಕ್ಸ್‌ಟೆನ್ಷನ್ ಆಫೀಸಿನಲ್ಲಿ ಪುಟ್ಟ ರಟ್ಟಿನ ಡಬ್ಬಿ ಕೊಡುತ್ತಾರೆ. ಲ್ಯಾಬ್ ಇರುವುದು ರಾಲಿಯಲ್ಲಿ, ಅದು ರಾಜ್ಯದ ಕೃಷಿ ಇಲಾಖೆಯದು. ಏಪ್ರಿಲ್‌ನಿಂದ ನವೆಂಬರ್‌ವರೆಗೆ ಫೀಸ್ ಇಲ್ಲ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಒಂದು ಡಬ್ಬಿಗೆ 4 ಡಾಲರ್. ಆ ತಿಂಗಳುಗಳಲ್ಲಿ ಎಲ್ಲರೂ ಒಟ್ಟಿಗೆ ಕಳಿಸುತ್ತಾರೆ, ಅದಕ್ಕೆ. ನೀವು ಈಗಲೇ ಕಳಿಸಿ. ಒಂದೇ ಕಡೆ ಅಗೆದು ತುಂಬಬೇಡಿ. ತರಕಾರಿ ಮಡಿಯಲ್ಲಿ ಹದಿನೈದು ಇಪ್ಪತ್ತು ಕಡೆ, ಆರೆಂಟು ಇಂಚು ಆಳದಿಂದ ಸ್ವಲ್ಪ ಸ್ವಲ್ಪ ತೆಗೆದು ಪ್ಲಾಸ್ಟಿಕ್ ಬಕೆಟ್‌ನಲ್ಲಿ ಕಲಸಿ. ತಗಡಿನ ಬಕೆಟ್ ಬೇಡ, ಅದರ ಸತು ಮಣ್ಣಿಗೆ ಸೇರಿ ಲೆಕ್ಕ ಕೆಡುತ್ತದೆ.

ವರದಿಯಲ್ಲಿ ಮೊದಲು ಪಿಎಚ್ ನೋಡಿ, ಅದು ಮಣ್ಣಿನ ಹುಳಿಯ ಅಳತೆ, ಅಂಕಿ ಕಡಿಮೆಯಾದಷ್ಟೂ ಹುಳಿ ಜಾಸ್ತಿ. ನಮ್ಮ ಈ ಕೆಂಪು ಜೇಡಿ ಹುಳಿ ಮಣ್ಣು. ನನ್ನದು 5.1 ಬಂದಿತ್ತು. ತರಕಾರಿಗೆ 6ರಿಂದ 6.5 ಇರಬೇಕು. ಇಷ್ಟು ಚದರಡಿಗೆ ಇಷ್ಟು ಸುಣ್ಣ ಅಂತ ಅವರೇ ಲೆಕ್ಕ ಬರೆದು ಕೊಡುತ್ತಾರೆ. ಎಲೆ ಅಡಿಕೆಯ ಸುಣ್ಣ ಅಲ್ಲ, ಸುಣ್ಣದ ಕಲ್ಲಿನ ಪುಡಿ. ಕೆಲಸ ಮಾಡಲು ತಿಂಗಳುಗಟ್ಟಲೆ ಬೇಕು, ಅದಕ್ಕೇ ಚಳಿಗಾಲಕ್ಕೆ ಮುಂಚೆ ಹಾಕಬೇಕು. ರಂಜಕ ಆಗಲೇ ಜಾಸ್ತಿ ಇದೆ ಅಂತ ಬಂದರೆ ದಯವಿಟ್ಟು ಗೊಬ್ಬರದ ಚೀಲ ತಂದು ಸುರಿಯಬೇಡಿ. ಅದು ಮಳೆಗೆ ಕೊಚ್ಚಿಕೊಂಡು ಹೊಳೆ ಸೇರುತ್ತದೆ.

ಇನ್ನು ಅವರೆ. ನಮ್ಮ ಊರಿನ ಹಳೆಯ ತಳಿಗಳು ಹಗಲು ಚಿಕ್ಕದಾಗುವ ತನಕ ಹೂ ಬಿಡುವುದಿಲ್ಲ. ಊರಲ್ಲಿ ಅದಕ್ಕೇ ಅಲ್ವಾ, ಅವರೆಕಾಯಿ ಕಾಲ ಅಂದರೆ ಚಳಿಗಾಲ. ಇಲ್ಲಿ ಹಗಲು ಚಿಕ್ಕದಾಗಿ ಹೂ ಕಚ್ಚುವ ಹೊತ್ತಿಗೆ ಅಕ್ಟೋಬರ್ ಕೊನೆ, ನವೆಂಬರ್ ಶುರು. ಒಂದೇ ರಾತ್ರಿಯ ಹಿಮಕ್ಕೆ ಬಳ್ಳಿ ಬೆಂದ ಹಾಗೆ ಆಗುತ್ತದೆ. ನಮ್ಮ ಆಫೀಸಿನವರಿಗೆ ಅವರೆ ಅಂದರೆ ಬೇಲಿಗೆ ಹಬ್ಬಿಸುವ ನೇರಳೆ ಹೂವಿನ ಬಳ್ಳಿ ಅಷ್ಟೇ. ಅದು ತಿನ್ನುವ ಕಾಳು ಅಂತ ಗೊತ್ತಿರಲಿಲ್ಲ. ಸೊಗಡಿನ ಬಗ್ಗೆ ನಾನೇ ಹೇಳಿದೆ, ಕೇಳಿ ಬರೆದುಕೊಂಡರು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ತಳಿಗಳಿಗೆ ಹಗಲಿನ ಉದ್ದದ ಹಂಗಿಲ್ಲ, ಬೇಸಿಗೆಯಲ್ಲೂ ಹೂ ಬಿಡುತ್ತವೆ. ಅಂಥ ತಳಿ ಸಿಕ್ಕಿದರೆ ಏಪ್ರಿಲ್ ಮಧ್ಯದ ಹಿಮ ಕಳೆದ ಮೇಲೆ ಬಿತ್ತಿ. ಆದರೆ ಸೂಟ್‌ಕೇಸ್‌ನಲ್ಲಿ ಸುಮ್ನೆ ಬೀಜ ಹಾಕಿಕೊಂಡು ಬರಬೇಡಿ. ಊರಿನ ಸಸ್ಯ ಆರೋಗ್ಯ ಪ್ರಮಾಣಪತ್ರವೋ, ಅಮೆರಿಕದ ಕೇಂದ್ರ ಕೃಷಿ ಇಲಾಖೆಯ ಪರ್ಮಿಟ್ಟೋ ಬೇಕು. ಕರಿಬೇವಿನ ಗಿಡಕ್ಕೂ ಇದೇ ಮಾತು. ನಿಂಬೆ, ಕಿತ್ತಳೆ ಗಿಡಗಳಿಗೆ ರೋಗ ಹರಡುವ ಒಂದು ಪುಟ್ಟ ಕೀಟ ಕರಿಬೇವಿನ ಮೇಲೂ ಬದುಕುತ್ತದೆ, ಅದಕ್ಕೇ ಫ್ಲಾರಿಡಾದಿಂದ ಸುಮ್ನೆ ಗಿಡ ತರುವಂತಿಲ್ಲ.

ಮದ್ದೂರು ಸೀಮೆ:

ನಾನಿರುವುದು ಬೆಂಗಳೂರಿನಲ್ಲೇ, ಆದರೂ ಒಂದು ಮಾತು ಸೇರಿಸುತ್ತೇನೆ. ನಮ್ಮ ಜಿಕೆವಿಕೆ, ಅಂದರೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ, ಹುಟ್ಟಿದ್ದೂ ಇದೇ ಮಾದರಿಯಲ್ಲಿ. 1964ರಲ್ಲಿ ಅದನ್ನು ಕಟ್ಟುವಾಗ ಅಮೆರಿಕದ ಟೆನೆಸ್ಸೀ ವಿಶ್ವವಿದ್ಯಾಲಯದವರು ಬಂದು ಜೊತೆಗೆ ನಿಂತರು. ಪಾಠ, ಸಂಶೋಧನೆ, ವಿಸ್ತರಣೆ (ಕಲಿತದ್ದನ್ನು ರೈತರಿಗೆ ಮುಟ್ಟಿಸುವುದು, ಅದೇ ಎಕ್ಸ್‌ಟೆನ್ಷನ್) ಮೂರೂ ಒಂದೇ ಮನೆಯಲ್ಲಿ ಇರಬೇಕು ಅನ್ನುವ ಯೋಚನೆ ಅಲ್ಲಿಂದ ಬಂದದ್ದು. ನಮ್ಮಪ್ಪ ಪ್ರತಿ ವರ್ಷ ಕೃಷಿ ಮೇಳಕ್ಕೆ ಬೆಳಗಿನ ಜಾವದ ಬಸ್ಸು ಹಿಡಿದು ಹೋಗುತ್ತಾರೆ, ಜೇಬಿನಲ್ಲಿ ಒಂದು ಚೀಟಿ, ಅದರಲ್ಲಿ ವರ್ಷದ ಪ್ರಶ್ನೆಗಳು. ಪೇಟೆಯವರಿಗೂ ಕೊಡುತ್ತಾರೆ: ಹೆಬ್ಬಾಳದ ಬೇಕರಿ ತರಬೇತಿಯಲ್ಲಿ ಕಲಿತು ಅಂಗಡಿ ಇಟ್ಟವರು ನಮ್ಮ ರಸ್ತೆಯಲ್ಲೇ ಇದ್ದಾರೆ. ಆದರೆ ಕೃಷಿ ವಿಜ್ಞಾನ ಕೇಂದ್ರ ಅಂದರೆ ಇಡೀ ಜಿಲ್ಲೆಗೆ ಬೆರಳೆಣಿಕೆಯ ವಿಜ್ಞಾನಿಗಳು. ಅಲ್ಲಿ ಕೌಂಟಿಯೊಂದಕ್ಕೆ ಎಷ್ಟು ಜನ ಇರುತ್ತಾರೆ?

ಕೆಂಪುಮಣ್ಣು:

ಸಂಬಳದ ಏಜೆಂಟರು, ಅಂದರೆ ಸಲಹೆ ಕೊಡುವ ಎಕ್ಸ್‌ಟೆನ್ಷನ್ ಸಿಬ್ಬಂದಿ, ಇಲ್ಲೂ ಕಡಿಮೆಯೇ. ಅದಕ್ಕೇ ನಮ್ಮಂಥ ಸ್ವಯಂಸೇವಕರು. 1970ರ ದಶಕದ ಆರಂಭದಲ್ಲಿ ವಾಷಿಂಗ್ಟನ್ ರಾಜ್ಯದ ಸಿಯಾಟಲ್, ಟಕೋಮಾ ಸುತ್ತಮುತ್ತ ಕೈತೋಟದವರ ಫೋನ್ ಎಷ್ಟು ಬರುತ್ತಿತ್ತೆಂದರೆ ಏಜೆಂಟರಿಗೆ ರೈತರನ್ನು ನೋಡಲು ಹೊತ್ತೇ ಇರಲಿಲ್ಲ. ಊರಿನವರಿಗೇ ತರಬೇತಿ ಕೊಟ್ಟು ಕೂರಿಸೋಣ ಅಂತ ಹೊರಟದ್ದೇ ಮಾಸ್ಟರ್ ಗಾರ್ಡನರ್. ನಮ್ಮ ಕರ್ನಾಟಕದಲ್ಲೂ ಇದನ್ನು ಮಾಡಬೇಕು ಅಂತ ನನಗೆ ತುಂಬಾ ಆಸೆ. ಬೆಂಗಳೂರಿನ ತಾರಸಿ ತೋಟದವರಲ್ಲಿ ಎಷ್ಟು ತಿಳಿವಳಿಕೆ ಇದೆ!

ಹಣದ ಏರ್ಪಾಡು ಹೀಗೆ. 1862ರ ಕಾನೂನಿನಿಂದ ರಾಜ್ಯಕ್ಕೊಂದು ಕೃಷಿ, ತಾಂತ್ರಿಕ ಕಾಲೇಜಿಗೆ ಜಮೀನಿನ ನೆರವು ಸಿಕ್ಕಿತು. ಕಲಿತದ್ದು ಕ್ಯಾಂಪಸ್ಸಿನಲ್ಲೇ ಉಳಿಯಬಾರದು ಅಂತ 1914ರಲ್ಲಿ ಸ್ಮಿತ್-ಲೀವರ್ ಕಾನೂನು ಬಂತು. ಕೇಂದ್ರ, ರಾಜ್ಯ, ಕೌಂಟಿ ಮೂರೂ ದುಡ್ಡು ಹಾಕಬೇಕು. ಈ ರಾಜ್ಯದ 100 ಕೌಂಟಿಗಳಲ್ಲೂ ಆಫೀಸ್ ಇದೆ. ನಡೆಸುವುದು ಎರಡು ವಿಶ್ವವಿದ್ಯಾಲಯ: ಎನ್‌ಸಿ ಸ್ಟೇಟ್ ಮತ್ತು ಗ್ರೀನ್ಸ್‌ಬರೋದ ಎನ್‌ಸಿ ಎ ಅಂಡ್ ಟಿ.

ಗ್ರೀನ್ಸ್‌ಬರೋ ಅಪ್ಪ:

ಆ ಎರಡನೇ ಹೆಸರಿನ ಹಿಂದೆ ಒಂದು ನೋವಿನ ಕಥೆ ಇದೆ, ಅದನ್ನೂ ಹೇಳಬೇಕು. ಎ ಅಂಡ್ ಟಿ ಶುರುವಾದದ್ದು 1891ರಲ್ಲಿ, ಕಪ್ಪು ವಿದ್ಯಾರ್ಥಿಗಳನ್ನು ಇನ್ನೊಂದು ಕಾಲೇಜು ಸೇರಿಸಿಕೊಳ್ಳುತ್ತಿರಲಿಲ್ಲ ಎಂಬ ಕಾರಣಕ್ಕೆ. ದಕ್ಷಿಣದ ರಾಜ್ಯಗಳಲ್ಲಿ 1960ರ ದಶಕದವರೆಗೂ ಕಪ್ಪು ಏಜೆಂಟರು ಬೇರೆ, ಬಿಳಿಯ ಏಜೆಂಟರು ಬೇರೆ. 1906ರಲ್ಲೇ ಅಲಬಾಮಾದ ಟಸ್ಕೀಗಿ ಕಾಲೇಜಿನಿಂದ ಕಪ್ಪು ಕೃಷಿ ವಿಜ್ಞಾನಿ ಜಾರ್ಜ್ ವಾಷಿಂಗ್ಟನ್ ಕಾರ್ವರ್ ಅವರ ಯೋಚನೆಯಂತೆ ಕುದುರೆ ಗಾಡಿಯೊಂದು ಹಳ್ಳಿ ಹಳ್ಳಿಗೆ ಹೊರಟಿತ್ತು. ನೇಗಿಲು, ಬೀಜ, ಹಾಲಿನ ಪಾತ್ರೆ ಹೇರಿಕೊಂಡು, ಕಾಲೇಜಿಗೆ ಬರಲಾಗದ ಕಪ್ಪು ರೈತರ ಅಂಗಳಕ್ಕೇ ಪಾಠ. 1914ರ ಕಾನೂನಿಗೂ ಮುಂಚಿನ ಮಾತು ಇದು. ಇವತ್ತು ನಮ್ಮಂಥವರು ಸಲೀಸಾಗಿ ಒಳಗೆ ಹೋಗುತ್ತೇವೆ ಅಂದರೆ ಆ ಜನರ ಹೋರಾಟ ಅದರ ಹಿಂದಿದೆ.

ಮಕ್ಕಳಿದ್ದರೆ 4-ಎಚ್ ಅನ್ನುವ ಮಕ್ಕಳ ಕಾರ್ಯಕ್ರಮ ವಿಚಾರಿಸಿ, ಅದೂ ಇದೇ ಆಫೀಸಿನದು. ನನ್ನ ಮಗಳ ಎರಡನೇ ಕ್ಲಾಸಿಗೆ ಫಲಿತ ಮೊಟ್ಟೆ, ಕಾವು ಪೆಟ್ಟಿಗೆ ತಂದುಕೊಟ್ಟಿದ್ದರು. ಏಳನೇ ದಿನ ಕತ್ತಲೆ ಮಾಡಿ ಮೊಟ್ಟೆಗೆ ಟಾರ್ಚ್ ಹಿಡಿದಾಗ ಒಳಗೆ ಕೆಂಪು ನರಗಳ ಜೇಡರ ಬಲೆ ಕಂಡಿತಂತೆ. 21ನೇ ದಿನದ ತನಕ ನಮ್ಮ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ.

ಹಿತ್ತಲಮನೆ:

ಹೋಗಿ ಬಂದೆವು! ಅಮ್ಮ ಕನ್ನಡದಲ್ಲಿ ಹೇಳಿದರು, ನಾನು ಇಂಗ್ಲಿಷಿಗೆ ತಿರುಗಿಸಿದೆ. ಅಲ್ಲಿದ್ದವರು ಅವರೆ ಎಲೆಯ ಹಿಂಬದಿಯನ್ನು ಭೂತಗನ್ನಡಿ ಇಟ್ಟು ನೋಡಿ, ಅದನ್ನು ಅಮ್ಮನ ಕೈಗೇ ಕೊಟ್ಟರು. ಅಮ್ಮ ಹತ್ತು ನಿಮಿಷ ಬಿಡಲಿಲ್ಲ. ಡಬ್ಬಿಯೂ ತಂದೆವು. ಇನ್ನೊಂದು ಪ್ರಶ್ನೆ: ಅಲ್ಲಿ ಟೊಮ್ಯಾಟೊ ಜಾರ್‌ನಲ್ಲಿ ಹಾಕಿಡುವ ತರಗತಿಯ ಚೀಟಿ ಕೊಟ್ಟರು. ನಾವು ಉಪ್ಪಿನಕಾಯಿ ಹಾಕುವವರು, ಇದರಿಂದ ನಮಗೆ ಉಪಯೋಗ ಇದೆಯಾ?

ಕೆಂಪುಮಣ್ಣು:

ಖಂಡಿತ ಇದೆ. 1911ರಿಂದ ಈ ರಾಜ್ಯದ ಮೊದಲ ಗೃಹ ಪ್ರಾತ್ಯಕ್ಷಿಕೆ ಏಜೆಂಟ್ (ಹೆಂಗಸರಿಗೆ ಮನೆಗೆಲಸದ ವಿಷಯ ಮಾಡಿ ತೋರಿಸಿ ಕಲಿಸುವವರು) ಜೇನ್ ಮೆಕಿಮನ್ ಹಳ್ಳಿ ಹುಡುಗಿಯರನ್ನು ಒಟ್ಟುಗೂಡಿಸಿ ಕಲಿಸಿದ್ದೇ ಟೊಮ್ಯಾಟೊ ಡಬ್ಬಿ ಹಾಕುವುದು. ಆ ಹುಡುಗಿಯರ ಕೈಗೆ ಅದರಿಂದ ಸ್ವಂತ ದುಡ್ಡು ಬಂತು.

ಮುಖ್ಯ ವಿಷಯ ಹುಳಿ. ಟೊಮ್ಯಾಟೊ ಹುಳಿ ಅನಿಸಿದರೂ ಜಾರ್‌ನಲ್ಲಿ ತಿಂಗಳುಗಟ್ಟಲೆ ಇಡುವಷ್ಟು ಅಲ್ಲ. ಅರ್ಧ ಲೀಟರ್ ಹತ್ತಿರದ ಪೈಂಟ್ ಜಾರ್‌ಗೆ ಒಂದು ಟೇಬಲ್ ಚಮಚ, ಅದರ ಎರಡರಷ್ಟಿನ ಕ್ವಾರ್ಟ್ ಜಾರ್‌ಗೆ ಎರಡು, ಬಾಟಲಿಯ ನಿಂಬೆರಸ ಹಾಕಬೇಕು. ತಾಜಾ ನಿಂಬೆಯ ಹುಳಿ ಹಣ್ಣಿಂದ ಹಣ್ಣಿಗೆ ಬದಲಾಗುತ್ತದೆ, ಅದಕ್ಕೆ ಬಾಟಲಿಯದು. ಬೆಳ್ಳುಳ್ಳಿಯನ್ನು ಹುಳಿ ಇಲ್ಲದೆ ಬರೀ ಎಣ್ಣೆಯಲ್ಲಿ ಮುಳುಗಿಸಿ ಹೊರಗೆ ಇಡಬೇಡಿ. ಗಾಳಿ ಇಲ್ಲದ, ಹುಳಿ ಇಲ್ಲದ ಆ ಜಾಗದಲ್ಲಿ ಬಾಟ್ಯುಲಿಸಂ ವಿಷ ಹುಟ್ಟಬಹುದು, ವಾಸನೆಯಿಂದ ಗೊತ್ತಾಗುವುದಿಲ್ಲ. ಫ್ರಿಜ್‌ನಲ್ಲಿಟ್ಟು ನಾಲ್ಕು ದಿನದೊಳಗೆ ಮುಗಿಸಿ. ಅಮ್ಮ ಉಪ್ಪಿನಕಾಯಿ ಹಾಕುವ ಅಳತೆ ಬರೆದುಕೊಂಡು ಹೋಗಿ, ಯಾವುದು ಹೊರಗಿಡಬಹುದು, ಯಾವುದು ಫ್ರಿಜ್‌ಗೆ ಅಂತ ಅವರನ್ನೇ ಕೇಳಿ.

ಮಣ್ಣಿನ ಡಬ್ಬಿ ಒಂದೇ ತಂದಿರಾ? ಮುಂದಿನ ಅಂಗಳದ ಮಣ್ಣು ಬೇರೆ ಇರುತ್ತದೆ, ಅದಕ್ಕೂ ಒಂದು ತನ್ನಿ. ನಾನು ಗುರುವಾರ ಬೆಳಿಗ್ಗೆ ಆ ಮೇಜಿನಲ್ಲಿ ಇರುತ್ತೇನೆ. ಅಮ್ಮ ಕನ್ನಡದಲ್ಲೇ ಕೇಳಲಿ.