ಪಿಯಾನೊ ವಾದಕ ಚಾರ್ಲ್ಸ್ ರೋಸನ್ ವಿದ್ವಾಂಸರಾದದ್ದು ಹೇಗೆ?

ಪ್ರಶ್ನೆ (ಬರೆದವರು: ತಡವಾಗಿ ಕಲಿತವ)

ನಮಸ್ಕಾರ. ಅಮೆರಿಕದ ಚಾರ್ಲ್ಸ್ ರೋಸನ್ (1927–2012) ಅವರ ಹೆಸರನ್ನು ನಾನು ಮೊದಲು ಕಂಡದ್ದು ಪುಸ್ತಕದ ರಕ್ಷಾಪುಟದ ಮೇಲೆ. ಅವರು ಬದುಕಿನುದ್ದಕ್ಕೂ ಕಛೇರಿ ನೀಡುತ್ತಿದ್ದ ಪಿಯಾನೊ ವಾದಕರೆಂಬುದು ಎಷ್ಟೋ ದಿನಗಳ ಮೇಲೆ ತಿಳಿಯಿತು. ಹೈಡನ್, ಮೊಟ್ಸಾರ್ಟ್, ಬೀಥೋವನ್ ಎಂಬ ಮೂವರು ರಚನಕಾರರನ್ನು ಕುರಿತ ಅವರ ‘ದಿ ಕ್ಲಾಸಿಕಲ್ ಸ್ಟೈಲ್’ 1971ರಲ್ಲಿ ಪ್ರಕಟವಾಗಿ, ಮರುವರ್ಷವೇ ಅಮೆರಿಕದ ನ್ಯಾಷನಲ್ ಬುಕ್ ಅವಾರ್ಡ್ ಪಡೆಯಿತು. ಆದರೆ ಅವರು 1951ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದದ್ದು ಫ್ರೆಂಚ್ ಸಾಹಿತ್ಯದಲ್ಲಿ, ಸಂಗೀತದಲ್ಲಲ್ಲ. ದಿನವೂ ಗಂಟೆಗಟ್ಟಲೆ ಸಾಧನೆ ಬೇಡುವ ವಾದ್ಯವನ್ನು ಕೈಬಿಡದೆ, ಸಂಗೀತಶಾಸ್ತ್ರದ ಪದವಿಯೂ ಇಲ್ಲದೆ, ಇಂಥ ಪುಸ್ತಕವನ್ನು ಬರೆಯಲು ಅವರಿಗೆ ಹೇಗೆ ಸಾಧ್ಯವಾಯಿತು? ಹೆಚ್ಚು ಓದಿದವರ ನುಡಿಸಾಣಿಕೆ ಒಣಗುತ್ತದೆ ಎಂದು ನನಗೆ ಪಿಯಾನೊ ಹೇಳಿಕೊಟ್ಟವರು ಪದೇ ಪದೇ ಎಚ್ಚರಿಸುತ್ತಿದ್ದರು. ಆ ಮಾತು ಇವರಿಗೆ ಅನ್ವಯಿಸುತ್ತದೆಯೇ ಎಂಬುದನ್ನೂ ಬಲ್ಲವರು ತಿಳಿಸಬೇಕಾಗಿ ಕೋರುತ್ತೇನೆ.

ಉತ್ತರ (ಬರೆದವರು: ಹಳೆಯ ಧ್ವನಿಮುದ್ರಿಕೆ)

ಪದವಿಯನ್ನು ಬದಿಗಿಟ್ಟು ಅವರ ಗುರುಪರಂಪರೆಯನ್ನು ನೋಡಿದರೆ ತಮ್ಮ ಆಶ್ಚರ್ಯ ಅರ್ಧ ಕಡಿಮೆಯಾಗಬಹುದು. ಎಳೆಯ ವಯಸ್ಸಿನಲ್ಲೇ ನ್ಯೂಯಾರ್ಕಿನ ಜೂಲಿಯಾರ್ಡ್ ಶಾಲೆಯಲ್ಲಿ ಕಲಿಯಲು ತೊಡಗಿದ ರೋಸನ್, ಹನ್ನೊಂದರ ಪ್ರಾಯದಲ್ಲಿ ಪಿಯಾನೊ ವಾದಕ ಮೊರಿತ್ಸ್ ರೋಸೆಂಥಾಲ್ ಅವರ ಬಳಿ ಸೇರಿದರು. ರೋಸೆಂಥಾಲ್ ಅವರು ಹತ್ತೊಂಬತ್ತನೆಯ ಶತಮಾನದ ರಚನಕಾರ, ಪಿಯಾನೊ ವಾದಕ ಲಿಸ್ಟ್ ಅವರ ಶಿಷ್ಯರು, ಅದಕ್ಕೂ ಮೊದಲು ಅದೇ ಶತಮಾನದ ರಚನಕಾರ ಶೋಪಾನ್ ಅವರ ನೇರ ಶಿಷ್ಯರಾದ ಮಿಕುಲಿ ಅವರಲ್ಲಿ ಕಲಿತವರು. ಮಹಾ ಆರ್ಥಿಕ ಕುಸಿತದ ಆ ವರ್ಷಗಳಲ್ಲಿ ಪಾಠದ ಶುಲ್ಕ ತೆರಲು ಮನೆಯವರಿಗೆ ಶಕ್ತಿಯಿರಲಿಲ್ಲ. ಆದ್ದರಿಂದ ಹುಡುಗನಿಗೆ ಇಪ್ಪತ್ತೊಂದು ತುಂಬುವವರೆಗೆ ಅವನ ವಾದನದ ಗಳಿಕೆಯಲ್ಲಿ ಶೇಕಡಾ 15ನ್ನು ಗುರುಗಳಿಗೆ ಕೊಡುವುದೆಂದು ಕರಾರಾಯಿತು. 1946ರಲ್ಲಿ ರೋಸೆಂಥಾಲ್ ತೀರಿಕೊಂಡರು. ಹುಡುಗನ ಕೈಗೆ ಹೆಚ್ಚೇನೂ ಸಂಪಾದನೆ ಬಂದಿರದ ಆ ಕಾಲದಲ್ಲಿ ಗುರುಗಳಿಗೆ ದಕ್ಕಿದ್ದು ಅಷ್ಟಕ್ಕಷ್ಟೇ ಇರಬೇಕೆಂದು ನನ್ನ ಊಹೆ.

1951ರಲ್ಲಿ ಪ್ರಬಂಧ ಮುಗಿಯಿತು, ನ್ಯೂಯಾರ್ಕಿನಲ್ಲಿ ಮೊದಲ ಕಛೇರಿ ನಡೆಯಿತು, ಫ್ರೆಂಚ್ ರಚನಕಾರ ಡೆಬ್ಯುಸಿಯ ಹನ್ನೆರಡೂ ಎತ್ಯೂಡ್‌ಗಳ (ಬೆರಳುಗಳ ಕೌಶಲ ಬೇಡುವ ಕಿರುಕೃತಿಗಳ) ಮೊತ್ತಮೊದಲ ಸಂಪೂರ್ಣ ಧ್ವನಿಮುದ್ರಣವೂ ಆಯಿತು. ಕಛೇರಿಗಳಿಂದಲೇ ಹೊಟ್ಟೆ ತುಂಬದ ಕಾರಣ 1953ರಿಂದ ಎರಡು ವರ್ಷ ಮ್ಯಾಸಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಅವರು ಫ್ರೆಂಚ್ ಪಾಠ ಹೇಳಿದರು.

ಬರವಣಿಗೆಗೆ ಅವರನ್ನು ಎಳೆದು ತಂದದ್ದು ಒಂದು ಸಿಟ್ಟು. ಅವರ ಶೋಪಾನ್ ಧ್ವನಿಮುದ್ರಿಕೆಯ ಹೊದಿಕೆಯ ಮೇಲೆ, ಒಂದು ನಾಕ್ಟರ್ನ್ (ರಾತ್ರಿಯ ಭಾವದ ಪಿಯಾನೊ ಕೃತಿ) ಹೂವಿನ ಕಂಪಿನಿಂದ ಮತ್ತೇರಿ ತೂರಾಡುತ್ತದೆ ಎಂಬರ್ಥದ ಟಿಪ್ಪಣಿಯೊಂದನ್ನು ಯಾರೋ ಬರೆದಿದ್ದರು. ಆ ಕೃತಿಯ ಬಗ್ಗೆ ತಮಗೆ ಏನೇನೋ ತೋಚಿದ್ದರೂ ಇದಂತೂ ತೋಚಿರಲಿಲ್ಲವೆಂದು ರೋಸನ್ ಮುಂದೆ ಹೇಳಿಕೊಳ್ಳುತ್ತಿದ್ದರು. ಅಲ್ಲಿಂದಾಚೆಗೆ ತಮ್ಮ ಮುದ್ರಿಕೆಗಳ ಟಿಪ್ಪಣಿಗಳನ್ನು ತಾವೇ ಬರೆಯತೊಡಗಿದರು, ಅವುಗಳನ್ನು ಓದಿದ ಪ್ರಕಾಶಕರೊಬ್ಬರು ಪುಸ್ತಕ ಕೇಳಿದರು. ಅಂದರೆ ‘ದಿ ಕ್ಲಾಸಿಕಲ್ ಸ್ಟೈಲ್’ ಬಂದಾಗ ಅವರಿಗೆ ವಯಸ್ಸು ನಲವತ್ತು ದಾಟಿತ್ತು, ಕೈಯಲ್ಲಿ ಇಪ್ಪತ್ತು ವರ್ಷಗಳ ಕಛೇರಿಯ ಅನುಭವವಿತ್ತು. ಅವರು ಓದಿ ಬರೆದದ್ದಕ್ಕಿಂತ ನುಡಿಸಿ ಬರೆದದ್ದೇ ಹೆಚ್ಚು ಎಂಬುದು ನನ್ನ ಅಭಿಪ್ರಾಯ.

ಉತ್ತರ (ಬರೆದವರು: ಒಪ್ಪದ ಕೇಳುಗ)

ಮೇಲಿನವರ ವಿವರಗಳಿಗೆ ನನ್ನ ತಕರಾರಿಲ್ಲ, ಅವರ ಮೆಚ್ಚುಗೆಗೆ ಮಾತ್ರ ಸ್ವಲ್ಪ ಕಡಿವಾಣ ಹಾಕಬಯಸುತ್ತೇನೆ. ರೋಸನ್ ನುಡಿಸಿದ ಬೀಥೋವನ್‌ನ ಕೊನೆಯ ಸೊನಾಟಾಗಳನ್ನು (ಹಲವು ಭಾಗಗಳ ವಾದ್ಯಕೃತಿಗಳನ್ನು) ಕೇಳುವಾಗ ಕೃತಿಯ ಕಟ್ಟಡದ ಒಂದೊಂದು ಕಂಬವೂ ಕಾಣುತ್ತದೆ ನಿಜ, ಆದರೆ ನಿಧಾನಗತಿಯ ಭಾಗಗಳಲ್ಲಿ ಸ್ವರ ಹಾಡಬೇಕಾದ ಕಡೆ ಅದು ವಿವರಣೆ ಕೊಡುತ್ತಿದೆಯೆಂದೇ ನನಗೆ ಅನಿಸುತ್ತದೆ. ಪ್ರಶ್ನೆ ಕೇಳಿದವರ ಗುರುಗಳ ಮಾತು ಪೂರ್ತಿ ಸುಳ್ಳಲ್ಲ.

ಪುಸ್ತಕದ ವಿಷಯದಲ್ಲೂ ಒಂದು ಆಕ್ಷೇಪವಿದೆ. ಒಂದು ಯುಗದ ಶೈಲಿಯನ್ನು ವಿವರಿಸುತ್ತೇನೆಂದು ಹೊರಟವರು ಮೂವರೇ ಮಹನೀಯರನ್ನು ಹಿಡಿದು ಕುಳಿತು, ಅದೇ ಕಾಲದಲ್ಲಿ ಬರೆಯುತ್ತಿದ್ದ ನೂರಾರು ಜನರನ್ನು ಬಾಗಿಲಲ್ಲೇ ನಿಲ್ಲಿಸಿದರು. ಆ ಯುಗದ ಭಾಷೆಯ ಸಾಮರ್ಥ್ಯ ಗೊತ್ತಾಗುವುದು ಅದನ್ನು ಅತ್ಯುತ್ತಮವಾಗಿ ಬಳಸಿದವರಿಂದಲೇ ಎಂಬ ಅವರ ವಾದ ವಾದಕರಿಗೆ ಹಿಡಿಸುತ್ತದೆ, ಏಕೆಂದರೆ ವೇದಿಕೆಯ ಮೇಲೆ ಅವರು ನುಡಿಸುವುದು ಆ ಮೂವರನ್ನೇ. ಇತಿಹಾಸಕಾರರಿಗೆ ಅಷ್ಟು ಸಾಲದು.

ಉತ್ತರ (ಬರೆದವರು: ಐದನೆಯ ಬಾರ್)

ಸ್ವರ ಹಾಡುತ್ತದೆಯೋ ಇಲ್ಲವೋ ಎಂಬುದು ಕೇಳುವ ಕಿವಿಗೆ ಬಿಟ್ಟ ವಿಷಯವಾದ್ದರಿಂದ ಆ ಚರ್ಚೆಗೆ ನಾನು ಹೋಗುವುದಿಲ್ಲ. ಬೆರಳೂ ಪಾಂಡಿತ್ಯವೂ ಒಂದಾಗುವುದು ಎಂದರೇನು ಎಂಬುದಕ್ಕೆ ಒಂದೇ ಒಂದು ನಿದರ್ಶನ ಕೊಡುತ್ತೇನೆ.

ಶೋಪಾನ್‌ನ ಬಿ ಫ್ಲ್ಯಾಟ್ ಮೈನರ್ ಸೊನಾಟಾದ ಆರಂಭದಲ್ಲಿ ನಾಲ್ಕು ಬಾರ್‌ಗಳ (ಸ್ವರಲಿಪಿಯಲ್ಲಿ ತಾಳದ ಲೆಕ್ಕದ ವಿಭಾಗಗಳ) ಗಂಭೀರವಾದ, ನಿಧಾನಗತಿಯ ಪೀಠಿಕೆಯಿದೆ. ಐದನೆಯ ಬಾರ್‌ನಿಂದ ವೇಗ ಇಮ್ಮಡಿಯಾಗುತ್ತದೆ. ಮೊದಲ ಖಂಡ ಮುಗಿದ ಮೇಲೆ ಅದನ್ನು ಮರಳಿ ನುಡಿಸುವಾಗ ಬಹುತೇಕ ವಾದಕರು ಪೀಠಿಕೆಯನ್ನು ಬಿಟ್ಟು ಐದನೆಯ ಬಾರ್‌ಗೆ ಹೋಗುತ್ತಿದ್ದರು, ಏಕೆಂದರೆ ಅವರ ಮುಂದಿದ್ದ ಮುದ್ರಣಗಳಲ್ಲಿ ಪುನರಾವರ್ತನೆಯ ಚಿಹ್ನೆ ಅಲ್ಲಿತ್ತು. 1995ರ ‘ದಿ ರೊಮ್ಯಾಂಟಿಕ್ ಜನರೇಷನ್’ ಪುಸ್ತಕದಲ್ಲಿ ರೋಸನ್, ಆ ಚಿಹ್ನೆ ಲೈಪ್‌ಜಿಗ್‌ನ ಮೊದಲ ಮುದ್ರಣದಲ್ಲಿ ನುಸುಳಿದ ತಪ್ಪೆಂದೂ, ಮರಳಬೇಕಾದದ್ದು ಮೊತ್ತಮೊದಲ ಸ್ವರಕ್ಕೇ ಎಂದೂ ವಾದಿಸಿದರು. ಪ್ಯಾರಿಸ್ಸಿನ ಮುದ್ರಣದಲ್ಲಿ ಆ ಚಿಹ್ನೆ ಇಲ್ಲವೆಂಬುದು ಗ್ರಂಥಾಲಯದಲ್ಲಿ ಸಿಗುವ ಸಾಕ್ಷ್ಯ. ಕೈಗೆ ಸಿಗುವ ಸಾಕ್ಷ್ಯ ಬೇರೆಯೇ ಇದೆ: ಖಂಡದ ಕೊನೆ, ಡಿ ಫ್ಲ್ಯಾಟ್ ಸ್ವರವೇ ಆಧಾರವಾದ ಡಿ ಫ್ಲ್ಯಾಟ್ ಮೇಜರ್‌ನಲ್ಲಿ ವಿಜಯೋತ್ಸಾಹದಿಂದ ಮುಕ್ತಾಯದತ್ತ ಧಾವಿಸುತ್ತಿರುತ್ತದೆ. ಐದನೆಯ ಬಾರ್‌ಗೆ ಹಾರಿದರೆ ಬರೀ ಎಡಗೈಯ ಪಕ್ಕವಾದ್ಯದಂಥ ಓಟ ನಡುವೆ ಬಾಯಿ ಹಾಕಿ ಆ ಮುಕ್ತಾಯವನ್ನು ಕೆಡಿಸುತ್ತದೆ. ಮೊದಲ ಬಾರ್‌ಗೆ ಮರಳಿದರೆ ಅಲ್ಲಿ ಮಂದ್ರದಲ್ಲಿ ಗುಡುಗುವ ಸ್ವರವೇ ಡಿ ಫ್ಲ್ಯಾಟ್. ಕಿವಿ ಕಾಯುತ್ತಿದ್ದ ನಿಲುಗಡೆ ಸಿಕ್ಕಿತೆನ್ನುವಷ್ಟರಲ್ಲಿ ಸೊನಾಟಾ ಮತ್ತೆ ಕತ್ತಲಿಗೆ ಇಳಿಯುತ್ತದೆ.

ನಾನು ಮನೆಯಲ್ಲಿ ಎರಡೂ ರೀತಿಯಲ್ಲಿ ನುಡಿಸಿ ನೋಡಿದ್ದೇನೆ. ಎರಡನೆಯ ಸಲ ಆ ಡಿ ಫ್ಲ್ಯಾಟ್ ಮೇಲೆ ಕೈ ಬಿದ್ದಾಗ, ಇಷ್ಟು ವರ್ಷ ತಪ್ಪಾಗಿ ನುಡಿಸಿದೆನಲ್ಲಾ ಎಂದು ನಾಚಿಕೆಯಾಯಿತು. ಈ ಮಾತನ್ನು ಇಂದಿಗೂ ಒಪ್ಪದ ವಾದಕರಿದ್ದಾರೆ ಎಂಬುದನ್ನೂ ಹೇಳಬೇಕು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಇನ್ನೊಂದು ಸಂದೇಹ ಉಳಿದಿದೆ. ಪುಸ್ತಕದ ಮೂಲಕ ಪರಿಚಿತರಾದ ಇವರನ್ನು ಜೀವಂತ ಸಂಗೀತಕಾರರು, ಅಂದರೆ ಅವರದೇ ಕಾಲದ ರಚನಕಾರರು, ವಾದಕರೆಂದು ಗಂಭೀರವಾಗಿ ಪರಿಗಣಿಸಿದ್ದರೇ?

ಉತ್ತರ (ಬರೆದವರು: ಹಳೆಯ ಧ್ವನಿಮುದ್ರಿಕೆ)

ಖಂಡಿತವಾಗಿ. ಅಮೆರಿಕದ ರಚನಕಾರ ಎಲಿಯಟ್ ಕಾರ್ಟರ್ ಅವರು ಪಿಯಾನೊ ಮತ್ತು ಹಾರ್ಪ್ಸಿಕಾರ್ಡ್‌ಗಳಿಗಾಗಿ (ತಂತಿಗಳನ್ನು ಮೀಟುವ ಹಳೆಯ ಕೀಲಿಮಣೆ ವಾದ್ಯ) ಬರೆದ ಡಬಲ್ ಕಾನ್ಚೆರ್ಟೊ 1961ರಲ್ಲಿ ಮೊದಲ ಬಾರಿಗೆ ಪ್ರದರ್ಶನಗೊಂಡಾಗ ಪಿಯಾನೊ ಮುಂದೆ ಕುಳಿತಿದ್ದವರು ರೋಸನ್, ಹಾರ್ಪ್ಸಿಕಾರ್ಡ್ ನುಡಿಸಿದವರು ರಾಲ್ಫ್ ಕರ್ಕ್‌ಪ್ಯಾಟ್ರಿಕ್. ಪಿಯಾನೊ ಮತ್ತು ವಾದ್ಯವೃಂದಕ್ಕಾಗಿ ಬರೆದ ‘ಮೂವ್‌ಮೆಂಟ್ಸ್’ ಕೃತಿಯನ್ನು ಅದರ ರಚನಕಾರ ಸ್ಟ್ರಾವಿನ್‌ಸ್ಕಿಯೇ ನಿರ್ದೇಶಿಸಿ ಧ್ವನಿಮುದ್ರಿಸಿದಾಗಲೂ ವಾದಕರು ಇವರೇ. ಫ್ರೆಂಚ್ ರಚನಕಾರ ಬುಲೇಜ್ ಅವರ ಸೊನಾಟಾಗಳನ್ನೂ ಅವರು ಮುದ್ರಿಸಿದ್ದಾರೆ. 1980ರ ‘ನೈಟ್ ಫ್ಯಾಂಟಸೀಸ್’ ಕೃತಿಯನ್ನು ಕಾರ್ಟರ್ ಅವರಿಂದ ಬರೆಸಿದ ನಾಲ್ವರು ವಾದಕರಲ್ಲಿ ರೋಸನ್ ಒಬ್ಬರು. ಶೋಪಾನ್ ಪರಂಪರೆಯಲ್ಲಿ ಬೆಳೆದವರು ಇಂಥ ಕಡುಕಷ್ಟದ ಹೊಸ ಸಂಗೀತಕ್ಕೆ ಕೈಹಾಕಿದ್ದರಿಂದ ಕಛೇರಿಗಳ ಜನಪ್ರಿಯತೆ ಕುಗ್ಗಿರಲೂ ಸಾಕು. ಹಾರ್ವರ್ಡ್‌ನಲ್ಲಿ 1980–81ರ ನಾರ್ಟನ್ ಉಪನ್ಯಾಸಗಳನ್ನು ಕೊಟ್ಟು, ಆಮೇಲೆ ಶಿಕಾಗೊ ವಿಶ್ವವಿದ್ಯಾಲಯದಲ್ಲಿ 1996ರವರೆಗೆ ಪಾಠ ಹೇಳಿದ ಕಾಲದಲ್ಲೂ ಅವರು ಕಛೇರಿಗಳನ್ನು ನಿಲ್ಲಿಸಲಿಲ್ಲ.

ಉತ್ತರ (ಬರೆದವರು: ಒಪ್ಪದ ಕೇಳುಗ)

ಐದನೆಯ ಬಾರ್‌ನವರು ಕೊಟ್ಟ ನಿದರ್ಶನಕ್ಕೆ ನಾನು ತಲೆಬಾಗುತ್ತೇನೆ. ನಾನೂ ಒಂದನ್ನು ಸೇರಿಸುತ್ತೇನೆ, ಬೇಡವೆಂದರೂ ರೋಸನ್ ಪರವಾಗಿಯೇ ಇದೆ. ಶೂಮನ್‌ನ ‘ಹ್ಯೂಮರೆಸ್ಕೆ’ಯ ಒಂದೆಡೆ ಸ್ವರಲಿಪಿ ಮೂರು ಸಾಲುಗಳಲ್ಲಿದೆ. ಮೇಲಿನದು ಬಲಗೈಗೆ, ಕೆಳಗಿನದು ಎಡಗೈಗೆ, ‘ಒಳದನಿ’ ಎಂಬ ಅರ್ಥದ ಜರ್ಮನ್ ಪದ ಹೊತ್ತ ನಡುವಿನ ಸಾಲು ಯಾವ ಕೈಗೂ ಅಲ್ಲ, ಅದನ್ನು ನುಡಿಸುವಂತಿಲ್ಲ. ನಮಗೆ ಕೇಳಿಸುವುದು ಆ ಮೌನರಾಗದ ಪ್ರತಿಧ್ವನಿ ಮಾತ್ರ ಎಂದು ರೋಸನ್ ‘ದಿ ರೊಮ್ಯಾಂಟಿಕ್ ಜನರೇಷನ್’ನಲ್ಲಿ ಬರೆದದ್ದನ್ನು ಓದಿದ ಮೇಲೆ ನಾನು ಆ ಪುಟವನ್ನು ಎದುರಿಗಿಟ್ಟುಕೊಂಡು ಮತ್ತೆ ಕೇಳಿದೆ. ಆ ಪುಸ್ತಕದ ಜೊತೆಗೆ ಅವರೇ ನುಡಿಸಿದ ಸಿ.ಡಿ. ಬಂದಿತ್ತು. ಪ್ರಶ್ನೆ ಕೇಳಿದವರು ಅದು ಲಗತ್ತಾಗಿರುವ ಪ್ರತಿಯನ್ನೇ ಹುಡುಕಿಕೊಳ್ಳುವುದು ಒಳ್ಳೆಯದು. ಹಳೆಯ ಪುಸ್ತಕಗಳಲ್ಲಿ ಮೊದಲು ಕಾಣೆಯಾಗುವುದು ಅದೇ.