ಅಪ್‌ಡೇಟ್: ರುಂಬಾದಲ್ಲಿ ಸೊಂಟ ತಿರುಗದ ನನ್ನ ಸಮಸ್ಯೆ

ಹನ್ನೆರಡು ವರ್ಷ ಭರತನಾಟ್ಯ ಕಲಿತವಳಿಗೆ ರುಂಬಾ ಎಂಬ ಲ್ಯಾಟಿನ್ ಜೋಡಿ ನೃತ್ಯದಲ್ಲಿ ಸೊಂಟ ಏಕೆ ಕಂಬದಂತೆ ನಿಲ್ಲುತ್ತದೆ ಎಂದು ಎರಡು ತಿಂಗಳ ಹಿಂದೆ ಇಲ್ಲಿ ಕೇಳಿದ್ದೆ. "ಸೊಂಟವನ್ನು ಮರೆತುಬಿಡಿ, ಮಂಡಿಯನ್ನು ನೋಡಿಕೊಳ್ಳಿ" ಎಂದು ಉತ್ತರಿಸಿದವರಿಗೆ ನನ್ನಿಂದ ಕಾಲು ಕಿಲೋ ಮೈಸೂರು ಪಾಕ್ ಬಾಕಿ ಇದೆ. ಶುಲ್ಕ ಕಟ್ಟಿದ ತರಗತಿಯಲ್ಲಿ "ಇನ್ನೂ ಅಲ್ಲಾಡಿಸಿ" ಎನ್ನುವುದು ಬಿಟ್ಟರೆ ಬೇರೆ ಪಾಠವೇ ಇರಲಿಲ್ಲ.

ಸರಸ್ವತೀಪುರಂನ ನಮ್ಮ ಮನೆಯಲ್ಲಿ ಅಡುಗೆ ಕಟ್ಟೆ ಹಿಡಿದುಕೊಂಡು ದಿನಕ್ಕೆ ಹತ್ತು ನಿಮಿಷ ಒಂದೇ ಕೆಲಸ ಮಾಡಿದೆ. ಹೆಜ್ಜೆ ಇಡುವುದು, ಮಂಡಿ ನೇರ ಮಾಡುವುದು, ಮೈಭಾರವನ್ನೆಲ್ಲ ಆ ಕಾಲಿಗೆ ಇಳಿಸುವುದು. ಭಾರ ಪೂರ್ತಿ ಇಳಿದರೆ ಸೊಂಟ ತಾನಾಗಿಯೇ ಪಕ್ಕಕ್ಕೆ ಸರಿಯುತ್ತದೆ. ಭರತನಾಟ್ಯದ ಅರ್ಧ ಕುಳಿತ ನಿಲುವಾದ ಅರಮಂಡಿಯಲ್ಲಿ ಮಂಡಿ ಬಾಗಿಸಿ, ಸೊಂಟ ಕದಲದಂತೆ ಹಿಡಿದು ಪಳಗಿದ ಮೈ ಇದಕ್ಕೆ ಒಪ್ಪಲು ಐದು ವಾರ ಹಿಡಿಯಿತು. ಒಲೆಯ ಮೇಲಿನ ಸಾರು ಎರಡು ಸಲ ಉಕ್ಕಿತು.

ಎಣಿಕೆ ಇನ್ನೂ ತೊಡಕಾಗಿದೆ. ರುಂಬಾದ ಹೆಜ್ಜೆ ಬೀಳುವುದು ನಾಲ್ಕರ ಎಣಿಕೆಯ 2, 3, 4ಕ್ಕೆ. 1ರಲ್ಲಿ ಹೊಸ ಹೆಜ್ಜೆಯಿಲ್ಲ, ಸೊಂಟ ಮಾತ್ರ ನೆಲೆಗೊಳ್ಳುತ್ತದೆ. ತಾಳದ ಮೊದಲ ಪೆಟ್ಟಿಗೇ ಕಾಲು ತಟ್ಟಿ ರೂಢಿಯಾದ ನಾನು 1 ಬಂದೊಡನೆ ತಟ್ಟಿಬಿಡುತ್ತೇನೆ, ಜೊತೆಗೆ ಕುಣಿಯುವ ಯಜಮಾನರ ಹೆಬ್ಬೆರಳು ನನ್ನ ಪಾದದಡಿ ಸಿಕ್ಕಿಕೊಳ್ಳುತ್ತದೆ.

ಇನ್ನೊಂದು ಜೋಡಿ ನೃತ್ಯವಾದ ವಾಲ್ಟ್ಜ್ ಸುಲಭವಾಗಿ ಬಂತು. ಮೂರರ ಎಣಿಕೆ ಕಿವಿಗೆ ಹೊಸದಲ್ಲ. ಮುಂದೆ ಹೋಗುವಾಗ ಹಿಮ್ಮಡಿ ಮೊದಲು ಊರಬೇಕೆಂಬುದನ್ನು ಮಾತ್ರ ಯಜಮಾನರು ಮರೆಯುತ್ತಾರೆ. ಅವರ ಪ್ರಶ್ನೆಯನ್ನು ಅವರೇ ಬೇರೆಯಾಗಿ ಕೇಳಲಿ.